ಮೂರು ಕಲ್ಲಿನ ಇನ್ನಾಸಪ್ಪ

ನಮ್ಮ ಪೇಟೆಯಲ್ಲಿ ಕಲ್ಲಿನ ಮೇಲೆ ಹೆಸರಿದ್ದವನು ಕರೆದರೆ ಓಗೊಡುತ್ತಾನೆ. ವರ್ಷಕ್ಕೆ ಒಂದು ದಿನ. ಆ ದಿನ ಒಂದೇ ಸಲ.

ಹೆಸರು ಸುಮ್ಮನೆ ಕಲ್ಲಿಗೆ ಹತ್ತುವುದಿಲ್ಲ. ಯುದ್ಧಕ್ಕೆ ಹೋಗಿರಬೇಕು. ಅಲ್ಲೇ ಉಳಿದಿರಬೇಕು. ಯಾವ ರಾಜನಿಗೆ ಯಾವ ರಾಜನ ಮೇಲೆ ಸಿಟ್ಟಿತ್ತೋ ನಮಗೆ ಗೊತ್ತಿಲ್ಲ. ಕಡಲಾಚೆ ಎಲ್ಲೋ ನಡೆಯಿತು. ಪೇಟೆಯ ಹುಡುಗರು ಹಾಡು ಹೇಳಿಕೊಂಡು ರೈಲು ಹತ್ತಿದರು. ರೈಲು ತಿರುಗಿ ಬಂತು. ಹುಡುಗರು ಬರಲಿಲ್ಲ.

ಆಮೇಲೆ ಕಲ್ಲುಗಳು ಬಂದವು. ಚರ್ಚಿನಲ್ಲಿ ಒಂದು, ತೀರ್ಥದ ಬಟ್ಟಲಿನ ಪಕ್ಕದ ಗೋಡೆಗೆ. ಶಾಲೆಯಲ್ಲಿ ಒಂದು, ಗಂಟೆ ಅಂತ ನೇತುಹಾಕಿದ ರೈಲು ಕಂಬಿಯ ತುಂಡಿನ ಕೆಳಗೆ. ಕ್ಲಬ್ಬಿನಲ್ಲಿ ಒಂದು, ಕೇರಂ ಬೋರ್ಡಿನ ಹಿಂದೆ. ಚರ್ಚಿನ ಕಲ್ಲಿಗೆ ಮೇಣದ ವಾಸನೆ. ಶಾಲೆಯ ಕಲ್ಲಿಗೆ ಸೀಮೆಸುಣ್ಣದ ಪುಡಿ. ಕ್ಲಬ್ಬಿನ ಕಲ್ಲಿಗೆ ಬೀಡಿ ಹೊಗೆ.

ಕರೆಯುವ ದಿನ ಚರ್ಚಿನಲ್ಲಿ ಪಾದ್ರಿಯವರು ಕರೆಯುತ್ತಾರೆ. ಶಾಲೆಯಲ್ಲಿ ಹೆಡ್‌ಮೇಷ್ಟ್ರು. ಕ್ಲಬ್ಬಿನಲ್ಲಿ ಸೆಕ್ರೆಟ್ರಿ. ಕಲ್ಲಿನ ಮುಂದೆ ನಿಂತು, ಮೇಲಿನಿಂದ ಕೆಳಕ್ಕೆ, ಒಂದೊಂದೇ ಹೆಸರು. ಒಳಗಿಂದ ಉತ್ತರ ಬರುತ್ತದೆ. ಚರ್ಚಿನಲ್ಲಿ "ಬಂದೆ ಸ್ವಾಮಿ" ಅನ್ನುತ್ತಾರೆ. ಶಾಲೆಯಲ್ಲಿ "ಹಾಜರ್ ಸಾ" ಅನ್ನುತ್ತಾರೆ. ಕ್ಲಬ್ಬಿನಲ್ಲಿ "ರೆಡಿ ಅಣ್ಣ" ಅನ್ನುತ್ತಾರೆ. ಮನೆಯವರು ಹಿಂದೆ ನಿಂತು ಕೇಳಿಸಿಕೊಳ್ಳುತ್ತಾರೆ. ಧ್ವನಿ ಹೋದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಅದಕ್ಕೆ ವಯಸ್ಸಾಗಿರುವುದಿಲ್ಲ. ಕೇಳಿಸಿಕೊಂಡು ಮನೆಗೆ ಹೋಗಿ ಉಣ್ಣುತ್ತಾರೆ. ಒಂದು ವರ್ಷಕ್ಕೆ ಅಷ್ಟು ಸಾಕು.

ಸತ್ತವರು ಸಾಲಾಗಿ ಬರುತ್ತಾರೆ. ಅವರ ದಾರಿಯಲ್ಲಿ ದೀಪ ಇಲ್ಲ. ಮುಂದಿನವನ ಭುಜದ ಮೇಲೆ ಹಿಂದಿನವನ ಕೈ. ಹಾಗಾಗಿ ನಡುವೆ ಒಂದು ಹೆಸರನ್ನೂ ಬಿಡಬಾರದು. ಕರೆಯಲು ಶುರು ಮಾಡಿದರೆ ನಿಲ್ಲಿಸಬಾರದು. ಒಬ್ಬ ಓಗೊಡದಿದ್ದರೆ ಅವನ ಹಿಂದಿನವರ ಕೈ ಗಾಳಿಯಲ್ಲಿ ತಡಕಾಡುತ್ತದೆ. ಅವರ ಧ್ವನಿ ಸಣ್ಣಗಾಗುತ್ತದೆ. ಎರಡು ವರ್ಷ ಓಗೊಡದ ಹೆಸರನ್ನು ಕಲ್ಲು ನುಂಗಿಬಿಡುತ್ತದೆ. ಹಿಂದೆ ಸುಂಕದ ಕಟ್ಟೆಯ ಹತ್ತಿರ ಇನ್ನೊಂದು ಕಲ್ಲಿತ್ತು. ಅದರ ಮುಂದೆ ನಿಂತು ಕರೆಯುವವರೇ ಇಲ್ಲದೆ ಹೋದರು. ಕಲ್ಲು ನುಣ್ಣಗಾಯಿತು. ಈಗ ಅದರ ಮೇಲೆ ಬಟ್ಟೆ ಒಗೆಯುತ್ತಾರೆ.

ಒಬ್ಬೊಬ್ಬನಿಗೆ ಒಂದೊಂದು ಕಲ್ಲು. ಇನ್ನಾಸಪ್ಪನಿಗೆ ಮಾತ್ರ ಮೂರು.

ಅವನು ಚರ್ಚಿನಲ್ಲಿ ಹಾಡುತ್ತಿದ್ದ. ಶಾಲೆಯಲ್ಲಿ ಓದಿದ್ದ. ಕ್ಲಬ್ಬಿಗೆ ಚೆಂಡು ಒದೆಯುತ್ತಿದ್ದ. ಮೂರು ಕಡೆಯವರೂ ನಮ್ಮವನು ಅಂದರು. ಮೂರು ಕಡೆಯೂ ಕೆತ್ತಿಸಿದರು. ಎಲ್ಲರಿಗಿಂತ ಮೊದಲು ಸತ್ತವನು ಅವನು. ಮೂರು ಕಲ್ಲಲ್ಲೂ ಅವನದೇ ಮೊದಲ ಹೆಸರು. ಆದರೆ ಓಗೊಡುವುದು ಒಂದೇ ಸಲ. ಯಾರು ಮೊದಲು ಕರೆದರೋ ಅವರಿಗೆ. ಮಿಕ್ಕ ಎರಡು ಕಡೆ ಸಾಲಿಗೆ ತಲೆಯೇ ಇಲ್ಲ.

ಮೊದಲೆಲ್ಲ ದೀಪ ಹಚ್ಚುವ ಹೊತ್ತಿಗೆ ಕರೆಯುತ್ತಿದ್ದರಂತೆ. ಒಂದು ವರ್ಷ ಶಾಲೆಯವರು ಸಂಜೆ ಬಿಸಿಲಿರುವಾಗಲೇ ಕರೆದರು. ಮರುವರ್ಷ ಚರ್ಚಿನವರು ಮಟಮಟ ಮಧ್ಯಾಹ್ನ ಕರೆದರು. ಕ್ಲಬ್ಬಿನವರು ಬೆಳಗಿನ ತಿಂಡಿಯನ್ನೂ ತಿನ್ನದೆ ಕರೆದರು. ಹೀಗೆ ಹಿಂದೆ ಹಿಂದೆ ಸರಿದು ಹಾಲಿನವನಿಗಿಂತ ಮೊದಲು ಕರೆಯುವಂತಾಯಿತು. ಗೆದ್ದ ಕಡೆ ಪಟಾಕಿ. ಸೋತ ಕಡೆ ಹೆಂಗಸರು ಕಲ್ಲಿಗೆ ಕಿವಿ ಒತ್ತಿ ನಿಲ್ಲುತ್ತಿದ್ದರು. ಏನೋ ಗುಸುಗುಸು ಅಂದಂತೆ ಕೇಳುತ್ತಿತ್ತು. ನಮ್ಮವನೇ ಅಂತ ತಿಳಿದುಕೊಂಡು ಹೋಗುತ್ತಿದ್ದರು.

ಹೋದ ವರ್ಷ ಮೂವರೂ ಒಂದೇ ಗಳಿಗೆಯಲ್ಲಿ ಕರೆದರು. ಇನ್ನಾಸಪ್ಪ ಎಲ್ಲೂ ಓಗೊಡಲಿಲ್ಲ. ಅವನ ಹಿಂದಿನವರೂ ಓಗೊಡಲಿಲ್ಲ. ಮೂರು ಕಲ್ಲೂ ಬರೀ ಕಲ್ಲಾದವು. ಆ ದಿನ ಪೇಟೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಈ ವರ್ಷವೂ ಹಾಗೇ ಆದರೆ ಎಲ್ಲ ಹೆಸರೂ ಹೋದ ಹಾಗೆ.

ನನ್ನ ಹೆಂಡತಿ ಹೋದದ್ದೂ ಹೋದ ವರ್ಷವೇ. ಜ್ವರ ಬಂತು. ಹೋದಳು. ಜ್ವರದಲ್ಲಿ ಹೋದವರಿಗೆ ನಮ್ಮ ಪೇಟೆಯಲ್ಲಿ ಕಲ್ಲಿಲ್ಲ.

ನಾನು ಜಟಕಾ ಹೊಡೆಯುವವನು. ಹೆಚ್ಚು ಮಾತು ಬರುವುದಿಲ್ಲ. ಮಕ್ಕಳಿಲ್ಲ. ಮನೆಯಲ್ಲಿ ಅವಳು ಮಾತಾಡುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಅವಳು ಹೋದ ಮೇಲೆ ಹೂಂ ಅನ್ನುವುದಕ್ಕೂ ಏನೂ ಉಳಿಯಲಿಲ್ಲ.

ಇನ್ನಾಸಪ್ಪನ ಅವ್ವ ನಮ್ಮ ಪಕ್ಕದ ಮನೆಯವಳು. ಮೂರು ದಾರಿ ಕೂಡುವ ಕಡೆ ಅವಳ ಮನೆ. ಒಂದು ದಾರಿ ಚರ್ಚಿಗೆ, ಒಂದು ಶಾಲೆಗೆ, ಒಂದು ಕ್ಲಬ್ಬಿಗೆ. ಪೇಟೆಯವರೆಲ್ಲ ಈಗ ಅವಳನ್ನು ಅವ್ವ ಅಂತಲೇ ಕರೆಯುವುದು. ನಾನೂ ಹಾಗೇ. ಒಂದು ಸಂಜೆ ಗಂಜಿ ಪಾತ್ರೆ ಹಿಡಿದುಕೊಂಡು ಒಳಗೆ ಬಂದಳು.

"ಯಾರನ್ನ ಕರೀತಿದ್ದೆ?" ಅಂದಳು.

"ಯಾರನ್ನೂ ಇಲ್ಲ ಕಣವ್ವ."

"ಸುಳ್ಳು ಹೇಳಬ್ಯಾಡ. 'ಏ ಇವಳೇ' ಅಂದೆ. ಗೋಡೆ ತೆಳ್ಳಗದೆ."

"ಬಾಯಿಗೆ ಅಭ್ಯಾಸ."

ಪಾತ್ರೆ ಕೆಳಗಿಟ್ಟಳು. "ಉಪ್ಪು ಜಾಸ್ತಿ ಆಗದೆ. ನಿನ್ನೆಂಡ್ತಿ ಇದ್ದಿದ್ರೆ ನನ್ನ ಬಾಗಿಲಿಗೇ ವಾಪಸ್ ತಂದಿಡೋಳು. ನೀನು ಉಣ್ಣು."

ಉಂಡೆ. ಉಪ್ಪು ಜಾಸ್ತಿಯೇ ಇತ್ತು.

ಅವಳು ಗೋಡೆಗೆ ಒರಗಿ ಕೂತಳು. "ಕಲ್ಲು ಬಂದಾಗ ಮೂರು ಕಡೆಯೋರೂ ನನ್ನ ಮನೆ ಬಾಗಿಲಿಗೆ ಬಂದ್ರು. ನಿಮ್ಮ ಮಗನ ಹೆಸರು ನಮ್ಮಲ್ಲಿ ಕೆತ್ತಬಹುದಾ ಅಂದ್ರು. ಮೂವರಿಗೂ ಹೂಂ ಅಂದೆ. ಮೂರು ಕಲ್ಲಿದ್ರೆ ಮೂರು ಸಲ ಬರ್ತಾನೆ ಅಂದ್ಕೊಂಡೆ. ಮಿಕ್ಕವರ ಮಕ್ಕಳು ಒಂದ್ಸಲ ಬಂದ್ರೆ ನನ್ಮಗ ಮೂರ್ಸಲ. ಆಸೆ ನೋಡು. ಈಗ ಎಳೆದಾಡ್ತಾ ಅವ್ರೆ, ಬೀದೀಲಿ ಸಿಕ್ಕ ಗಾಳಿಪಟದ ಥರ."

"ನಿನಗೇನು ಬೇಕವ್ವ?"

"ಅವ್ವಾ ಅನ್ನಬೇಕು."

ನಾನು ತಲೆ ಎತ್ತಿದೆ.

"ಚರ್ಚಲ್ಲಿ ನಿಂತು ಸ್ವಾಮಿ ಅಂದಿದ್ದು ಕೇಳಿದೀನಿ. ಸ್ಕೂಲಲ್ಲಿ ಸಾ ಅಂದಿದ್ದು ಕೇಳಿದೀನಿ. ಕ್ಲಬ್ಬಿನ ಕಿಟಕಿ ಹೊರಗೆ ನಿಂತು ಅಣ್ಣ ಅಂದಿದ್ದೂ ಕೇಳಿದೀನಿ. ನನ್ನ ಕರೆದಿದ್ದು ರೈಲು ಹತ್ತಿದ ದಿನವೇ ಕೊನೆ. ಊರೋರೆಲ್ಲ ನನ್ನ ಅವ್ವ ಅಂತಾರೆ. ಅನ್ನಬೇಕಾದೋನು ಅನ್ನಲ್ಲ. ಬರೋ ವರ್ಷದ ಮಾತಾಡೋ ವಯಸ್ಸಲ್ಲ ನಂದು."

ಎದ್ದು ಹೋದಳು. ಪಾತ್ರೆ ತೊಳೆದಿಡು ಅಂದಳು.

ನನ್ನ ತಲೆ ನಿಧಾನ. ಎಲ್ಲರಿಗೂ ಗೊತ್ತು. ಒಂದು ಮಾತು ಹೊಳೆಯಬೇಕಾದರೆ ಕುದುರೆಗೆ ಎಷ್ಟೋ ಸಲ ಮಾಲೀಸು ಆಗಿರುತ್ತದೆ. ಮಾಲೀಸು ಮಾಡುತ್ತ ಯೋಚಿಸಿದೆ. ಒಬ್ಬನೇ ಇನ್ನಾಸಪ್ಪ. ಸ್ವಾಮಿ ಅನ್ನುತ್ತಾನೆ, ಸಾ ಅನ್ನುತ್ತಾನೆ, ಅಣ್ಣ ಅನ್ನುತ್ತಾನೆ. ಯಾಕೆ? ಕಲ್ಲಿಗೇನು, ಕಲ್ಲು ಮೂರೂ ಒಂದೇ ಬಂಡೆಯದು. ನನ್ನವಳನ್ನು ನಾನು ಕರೆದರೆ "ಕೇಳಿಸ್ತು, ನಾನೇನು ಕಿವುಡೀನಾ" ಅನ್ನುತ್ತಿದ್ದಳು. ಪಾದ್ರಿಯವರು ಕರೆದಿದ್ದರೆ ಹಾಗನ್ನುತ್ತಿದ್ದಳೇ? ಸೆರಗು ಹೊದ್ದು "ಬಂದೆ ಸ್ವಾಮಿ" ಅನ್ನುತ್ತಿದ್ದಳು.

ಕುದುರೆಯ ಬೆನ್ನು ಬಿಟ್ಟು ಅವ್ವನ ಮನೆಗೆ ಹೋದೆ.

"ಅವ್ವ, ಅವನು ಕಲ್ಲಿಗೆ ಓಗೊಡಲ್ಲ. ಕರೆಯೋ ಬಾಯಿಗೆ ಓಗೊಡ್ತಾನೆ."

ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು.

"ನೀನು ಕರೆದರೆ ಅವ್ವಾ ಅಂತಾನೆ," ಅಂದೆ.

"ಅವರು ಬಿಡ್ತಾರಾ?"

"ಕೇಳೋಣ."

"ಯಾರು ಕೇಳೋದು? ನೀನಾ? ನಿನಗೆ ಕಲ್ಲೇ ಇಲ್ಲ. ಸಭೇಲಿ ನಿನ್ನ ಕೂರಿಸಲ್ಲ."

"ನಿಂತ್ಕೋತೀನಿ."

ಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಕಲ್ಲಿನಲ್ಲಿ ಹೆಸರಿದ್ದ ಮನೆಯವರು ಒಳಗೆ ಜಮಖಾನೆಯ ಮೇಲೆ. ಕಲ್ಲಿಲ್ಲದವರು ಕಾಂಪೌಂಡ್ ಗೋಡೆಯ ಆಚೆ. ಹಾಗೇ ಪದ್ಧತಿ. ನಾನು ಗೋಡೆಯ ಆಚೆ ಜಟಕಾ ನಿಲ್ಲಿಸಿ ಅದರ ಮೇಲೆ ಹತ್ತಿ ನಿಂತೆ. ಎಲ್ಲರೂ ಕಾಣುತ್ತಿದ್ದರು. ಅವ್ವ ಜಮಖಾನೆಯ ತುದಿಯಲ್ಲಿ ಕೂತಿದ್ದಳು.

ಪಾದ್ರಿಯವರು ಎದ್ದರು. "ಅವನಿಗೆ ಜ್ಞಾನಸ್ನಾನ ಕೊಟ್ಟಿದ್ದು ನಮ್ಮ ಚರ್ಚು. ಅವನು ನಮ್ಮವನು."

ಹೆಡ್‌ಮೇಷ್ಟ್ರು ಎದ್ದರು. "ಅಕ್ಷರ ಕಲಿಸಿದ್ದು ನಾವು."

ಕ್ಲಬ್ಬಿನ ಸೆಕ್ರೆಟ್ರಿ ಕೂತೇ ಹೇಳಿದ. "ಸ್ವಾಮಿ, ಪೂಜೆ ಹೊತ್ತಲ್ಲಿ ಅವನು ತೂಕಡಿಸ್ತಿದ್ದ. ಸ್ಕೂಲಲ್ಲಿ ಫೇಲಾದ. ಎಚ್ಚರ ಇದ್ದು ಪಾಸಾಗಿದ್ದು ನಮ್ಮ ಮೈದಾನದಲ್ಲಿ ಒಂದೇ."

"ಒಂದು ಕ್ಲಾಸಿನಲ್ಲಿ ಮಾತ್ರ ಫೇಲಾಗಿದ್ದು," ಅಂದರು ಹೆಡ್‌ಮೇಷ್ಟ್ರು.

"ಅದೇ ಕ್ಲಾಸಲ್ಲಿ ಎಷ್ಟು ಸಲ, ಹೇಳಿ ಸಾ."

ಜನ ನಕ್ಕರು. ಅವ್ವನೂ ನಕ್ಕಳು. ಮಗನ ಸುದ್ದಿ ಯಾವುದಾದರೇನು.

ಮಾತು ಅಲ್ಲೇ ಸುತ್ತಿತು. ಗಾಣದ ಎತ್ತಿನ ಹಾಗೆ. ಈ ವರ್ಷ ಯಾರು ಮೊದಲು ಕರೆಯಬೇಕು? ಯಾರೂ ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟವರ ಕಲ್ಲು ನುಣ್ಣಗಾಗುತ್ತದೆ. ಅವರದೂ ತಪ್ಪಲ್ಲ.

ನಾನು ಹೇಳಿದೆ. "ಅವ್ವ ಕರೀಲಿ."

ಎಲ್ಲರೂ ಗೋಡೆಯ ಕಡೆ ತಿರುಗಿದರು.

"ಯಾರದು ಮೇಲೆ?" ಅಂದ ಸೆಕ್ರೆಟ್ರಿ.

"ಜಟಕಾದವನು," ಅಂದೆ.

"ಏನಯ್ಯಾ, ನಿನ್ನ ಕುದುರೆಗೂ ಒಂದು ಕಲ್ಲು ಹಾಕಿಸಬೇಕಾ?"

ಮತ್ತೆ ನಕ್ಕರು. ನಾನು ಕಾದೆ. ನಗು ಮುಗಿಯಿತು.

"ಕುದುರೆ ಚೆನ್ನಾಗದೆ. ಅವ್ವ ಕರೀಲಿ."

"ಹೆಂಗಸರು ಕರೆಯುವ ಪದ್ಧತಿ ಇಲ್ಲಪ್ಪ," ಅಂದರು ಪಾದ್ರಿಯವರು. ಮೆತ್ತಗೇ ಅಂದರು.

"ಹೂಂ ಸ್ವಾಮಿ. ಅವ್ವ ಕರೀಲಿ."

"ಯಾರ ಕಲ್ಲಿನ ಮುಂದೆ ಕರೀಬೇಕಂತೆ?" ಹೆಡ್‌ಮೇಷ್ಟ್ರು ಕೇಳಿದರು. "ಅದನ್ನ ಹೇಳು ಮೊದಲು."

"ಯಾರ ಕಲ್ಲಿನ ಮುಂದೂ ಬ್ಯಾಡ ಸಾ. ಅವಳ ಹೊಸಲ ಮೇಲೆ ನಿಂತು ಕರೀಲಿ. ಅಲ್ಲಿಂದ ಮೂರು ದಾರೀನೂ ಕಾಣ್ತದೆ. ಅವನು ಓಗೊಡೋದು ಬಾಯಿಗೆ, ಕಲ್ಲಿಗಲ್ಲ. ಇಲ್ಲದಿದ್ರೆ ನಿಮ್ಮನ್ನ ಸಾ ಅಂತ ಯಾಕಂತಾನೆ, ಅವರನ್ನ ಸ್ವಾಮಿ ಅಂತ ಯಾಕಂತಾನೆ?"

ನಾನು ಅಷ್ಟು ಉದ್ದ ಮಾತಾಡಿದ್ದು ಮದುವೆಯ ದಿನವೂ ಇಲ್ಲ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಸೆಕ್ರೆಟ್ರಿ ಗಡ್ಡ ಕೆರೆದುಕೊಂಡ.

"ಹಾಗಾದ್ರೆ ಚರ್ಚಿಗೆ ಹೋಗಲ್ಲ ತಾನೇ?" ಅಂದ. "ನಂದು ಒಪ್ಪಿಗೆ."

"ಕ್ಲಬ್ಬಿಗೆ ಹೋಗೋದಕ್ಕಿಂತ ಎಷ್ಟೋ ಮೇಲು," ಅಂದರು ಹೆಡ್‌ಮೇಷ್ಟ್ರು.

ಪಾದ್ರಿಯವರು ಇಬ್ಬರನ್ನೂ ನೋಡಿದರು. "ಇವರಿಬ್ಬರಿಗೂ ಇಲ್ಲ ಅಂದ ಮೇಲೆ ದೇವರ ಚಿತ್ತ ಅದೇ ಇರಬೇಕು," ಅಂದರು.

ಹೀಗೆ ಒಪ್ಪಿದರು. ಪ್ರೀತಿಯಿಂದ ಅಲ್ಲ. ಪರವಾಗಿಲ್ಲ. ಕುದುರೆ ಮನೆ ಕಡೆ ತಿರುಗುವುದೂ ಹುಲ್ಲಿನ ಆಸೆಗೇ. ಆದರೂ ಮನೆ ಮುಟ್ಟಿಸುತ್ತದೆ.

ಒಂದು ಕರಾರು ಹಾಕಿದರು. ಅವ್ವ ಕರೆದರೆ ಮೂರು ಕಲ್ಲಿನ ಎಲ್ಲರನ್ನೂ ಕರೆಯಬೇಕು. ನಡುವೆ ನಿಲ್ಲಿಸುವಂತಿಲ್ಲ. ನಿಂತರೆ ಅಲ್ಲಿಂದ ಹಿಂದೆ ಇದ್ದವರೆಲ್ಲ ಹೋದ ಹಾಗೆ.

"ಆಗಲಿ," ಅಂದಳು ಅವ್ವ. "ಎಲ್ಲ ನನ್ನ ಜಗಲಿ ಮೇಲೆ ಬಿದ್ದು ಬೆಳೆದ ಮುಂಡೇವೇ. ಆದ್ರೆ ನನ್ನ ಮಗನ್ನ ಕೊನೇಲಿ ಕರೀತೀನಿ."

ಗದ್ದಲ ಎದ್ದಿತು. ಮೂರು ಕಲ್ಲಲ್ಲೂ ಮೊದಲನೆಯ ಹೆಸರು ಅವನದು. ತಲೆ ತೆಗೆದು ಬಾಲಕ್ಕೆ ಇಟ್ಟರೆ ಸಾಲು ನಿಲ್ಲುತ್ತದೆಯೇ?

"ಬಂದೋರಿಗೆ ಮೊದಲು ಬಡಿಸಬೇಕು," ಅಂದಳು ಅವ್ವ. "ಮನೆ ಮಗ ಕೊನೆಗೆ ಉಣ್ಣಬೇಕು. ನಮ್ಮನೇಲಿ ಹಾಗೇ."

"ಸಾಲು ಕೆಡುತ್ತೆ ಕಣವ್ವ," ಅಂದ ಸೆಕ್ರೆಟ್ರಿ.

"ಕೆಡಲ್ಲ. ಅವನೇ ಎದ್ದು ಹಿಂದಕ್ಕೆ ಹೋಗ್ತಾನೆ. ಬೆಳೆಸಿದೋಳು ನಾನು."

ಹಾಗೇ ಆಗಲಿ ಅಂತ ಜಮಖಾನೆ ಮಡಚಿದರು.

ಕರೆಯುವ ದಿನ ಬಂತು. ಹಾಲಿನವನು ಬಂದ, ಹೋದ. ಯಾರೂ ಕರೆಯಲಿಲ್ಲ. ಬಿಸಿಲೇರಿತು, ಇಳಿಯಿತು. ಯಾರೂ ಕರೆಯಲಿಲ್ಲ. ಚರ್ಚಿನ ಬಾಗಿಲು, ಶಾಲೆಯ ಬಾಗಿಲು, ಕ್ಲಬ್ಬಿನ ಬಾಗಿಲು ಅಗಲಕ್ಕೆ ತೆರೆದಿದ್ದವು. ದೀಪ ಹಚ್ಚುವ ಹೊತ್ತಿಗೆ ಮೂರು ದಾರಿಯಲ್ಲೂ ಜನ ತುಂಬಿದರು. ನಡುವೆ ಒಬ್ಬರ ಹಿಂದೆ ಒಬ್ಬರು ಬರುವಷ್ಟು ಜಾಗ ಬಿಟ್ಟು ನಿಂತರು. ಕಲ್ಲಿದ್ದವರು, ಇಲ್ಲದವರು ಅಂತ ಆ ದಿನ ಯಾರೂ ಬೇರೆ ಮಾಡಲಿಲ್ಲ. ಗೋಡೆ ಇದ್ದರಲ್ಲವೇ ಬೇರೆ ಮಾಡಲು.

ಅವ್ವ ಹೊಸಲ ಮೇಲೆ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಳು.

"ಚೌರಾ... ಬಾರೋ..."

ಹೆಡ್‌ಮೇಷ್ಟ್ರು ಬಗ್ಗಿ ಪಿಸುಗುಟ್ಟಿದರು. "ಅವ್ವ, ಕಲ್ಲಲ್ಲಿ ಚೌರಪ್ಪ ಅಂತಿದೆ. ಪೂರ್ತಿ ಹೆಸರು ಕರೀಬೇಕು."

"ಪೂರ್ತಿ ಹೆಸರು ಹಿಡಿದು ಕರೆದರೆ ಹೊಡೆಯೋಕೆ ಕರೀತಾಳೆ ಅಂತ ಓಡಿಹೋಗ್ತವೆ ಸಾ. ಸುಮ್ನಿರಿ."

ಮತ್ತೆ ಕರೆದಳು. ಮುಸ್ಸಂಜೆಗೆ ಬೀದಿಯ ಕೊನೆಯಲ್ಲಿ ಆಡುವ ಮಕ್ಕಳನ್ನು ಕರೆಯುವ ಹಾಗೆ, ಕೊನೆಯ ಅಕ್ಷರ ಎಳೆದು. "ಚೌರಾ..."

"ಬಂದೆ ಅತ್ತೇ..."

ಗೋಡೆಯ ಒಳಗಿಂದ ಬರಲಿಲ್ಲ ಆ ಧ್ವನಿ. ಚರ್ಚಿನ ದಾರಿಯಿಂದ ಬಂತು. ಗಾಳಿಯಲ್ಲಿ ಬಂತು. ಓಡಿಕೊಂಡು ಬರುವವನ ಏದುಸಿರೂ ಇತ್ತು ಅದರಲ್ಲಿ. ಚೌರಪ್ಪನ ತಂಗಿ ನಿಂತಲ್ಲೇ ಕೂತುಬಿಟ್ಟಳು. ಆ ಉಸಿರನ್ನು ಅವಳು ಅವನು ಹೋದ ಮೇಲೆ ಕೇಳಿರಲಿಲ್ಲ. ಪಾದ್ರಿಯವರ ಮುಂದೆ ಯಾರೂ ಏದುಸಿರು ಬಿಡುವುದಿಲ್ಲ.

"ಮುನಿಶಾಮೀ..."

"ಬಂದೆ ದೊಡ್ಡವ್ವ. ಇದೊಂದು ಆಟ."

"ಆಟ ಸಾಕು, ಬಾ. ದಸ್ತಗೀರಾ..."

"ಬಂದೆ, ಬಂದೆ. ನಮ್ಮಮ್ಮಂಗೆ ಹೇಳಬೇಡಿ."

"ಹೇಳಲ್ಲ, ಬಾ. ರಾಯಾ... ಕೃಷ್ಣೋಜೀ..."

ಮೂರು ದಾರಿಯಿಂದಲೂ ಬರತೊಡಗಿದವು. ಎಷ್ಟು ವರ್ಷ ಸ್ವಾಮಿ ಅಂದು, ಸಾ ಅಂದು, ನೆಟ್ಟಗೆ ನಿಂತು ಉತ್ತರ ಕೊಟ್ಟಿದ್ದ ಧ್ವನಿಗಳು. ಈಗ ಒಬ್ಬ ನಕ್ಕ. ಒಬ್ಬ ಗೊಣಗಿದ. ಒಬ್ಬ ಏನು ಮಾಡಿದೀಯ ಸಾರು ಅಂತ ಕೇಳಿದ. ಜನ ಅಳುತ್ತಿದ್ದರು, ನಗುತ್ತಿದ್ದರು. ಒಂದೊಂದು ಹೆಸರಿಗೆ ಒಂದೊಂದು ಮನೆ ಎದ್ದು ನಿಲ್ಲುತ್ತಿತ್ತು. ಬೀದಿಯ ನಡುವೆ ಬಿಟ್ಟ ಜಾಗದಲ್ಲಿ ಧೂಳು ಏಳುತ್ತಿತ್ತು.

ಅವ್ವನ ಧ್ವನಿ ಒಡೆಯತೊಡಗಿತು. ಮೊದಲು ಕೊನೆಯ ಅಕ್ಷರ ಬಿತ್ತು. ಆಮೇಲೆ ನಡುವಿನದು. ಕೆಮ್ಮಿದಳು. ಚೌಕಟ್ಟಿಗೆ ಹಣೆ ಒತ್ತಿದಳು. ಮುಂದಿನ ಹೆಸರು ಬರಲಿಲ್ಲ.

ಸಾಲು ನಿಂತಿತು.

ನಮಗೆ ಕಾಣುವುದಿಲ್ಲ. ಆದರೆ ಗೊತ್ತಾಗುತ್ತಿತ್ತು. ಎಷ್ಟೋ ಕೈಗಳು ಗಾಳಿಯಲ್ಲಿ ತಡಕಾಡುತ್ತಿದ್ದವು. ಧೂಳು ಮೆಲ್ಲಗೆ ಕೆಳಗೆ ಕೂರತೊಡಗಿತು.

"ನಿಲ್ಲಿಸಬ್ಯಾಡವ್ವ," ಅಂದ ಸೆಕ್ರೆಟ್ರಿ. ಅವನ ಅಣ್ಣನ ಹೆಸರು ಇನ್ನೂ ಬಂದಿರಲಿಲ್ಲ. ಅವನ ಮುಖ ಬೆಳ್ಳಗಾಗಿತ್ತು.

ಆಗ ಒಬ್ಬ ಮುದುಕಿ ಜನರ ನಡುವಿಂದ ಮುಂದೆ ಬಂದಳು. ಮುಂದಿನ ಹೆಸರು ಅವಳ ಗಂಡನದು. ನಮ್ಮ ಪೇಟೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಬಾಯಿ ತೆರೆದಳು, ಮುಚ್ಚಿದಳು. ತಲೆ ತುಂಬ ಸೆರಗು ಎಳೆದುಕೊಂಡಳು. ಆಮೇಲೆ ಕೂಗಿದಳು.

"ರೀ... ನಿಮ್ಮನ್ನೇ..."

ಹೆಸರೇ ಇಲ್ಲ. ಯಾವ ಕಲ್ಲಿನ ಮೇಲೂ ಹಾಗೆ ಬರೆದಿಲ್ಲ. ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಬಂದೆ ಕಣೇ," ಅಂದಿತು ಶಾಲೆಯ ದಾರಿಯ ಕಡೆಯಿಂದ ಒಂದು ಎಳೆಯ ಗಂಡಸಿನ ಧ್ವನಿ.

ಮುದುಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಮದುಮಗಳ ಹಾಗೆ. ಜನ ಹೋ ಅಂದರು.

ಅಲ್ಲಿಂದ ಸಾಲು ಮತ್ತೆ ನಡೆಯಿತು. ಅಕ್ಕಂದಿರು ಕರೆದರು, ತಮ್ಮಂದಿರು ಕರೆದರು. ಸೆಕ್ರೆಟ್ರಿ ತನ್ನ ಅಣ್ಣನನ್ನು ಕರೆದ. "ಲೇ, ಬಾರೋ, ನಿನ್ನ ಅಂಗಿ ನಾನು ಹಾಕ್ಕೊಂಡಿಲ್ಲ ಕಣೋ" ಅಂತ ಕರೆದ. "ಹಾಕ್ಕೊಂಡಿದೀಯ, ಗೊತ್ತು" ಅಂತ ಉತ್ತರ ಬಂತು. ಕಲ್ಲಿನ ಮುಂದೆ ಎಷ್ಟೋ ವರ್ಷ ಅದೇ ಅಣ್ಣನ ಹೆಸರನ್ನು ಗಟ್ಟಿಯಾಗಿ ಓದಿದವನು ಅವನು. ಈಗ ಮೂಗು ಒರೆಸಿಕೊಳ್ಳುತ್ತ ನಿಂತ.

ಆಮೇಲೆ ಒಂದು ಹೆಸರಿಗೆ ಯಾರೂ ಬರಲಿಲ್ಲ.

ಪಿಳ್ಳಣ್ಣ. ಕ್ಲಬ್ಬಿನ ಕಲ್ಲಿನವನು. ತಂದೆ ತಾಯಿ ಇಲ್ಲದವನು. ಮನೆಯೂ ಬಿದ್ದುಹೋಗಿತ್ತು. ಕಲ್ಲಿನ ಮೇಲೆ ಓದಿದರೆ ಉಂಟು, ಮಿಕ್ಕಂತೆ ಇಲ್ಲ. ಎಲ್ಲರೂ ಅಕ್ಕಪಕ್ಕ ನೋಡಿದರು. ಧೂಳು ಮತ್ತೆ ಕೂರತೊಡಗಿತು.

ನನಗೆ ಅವನು ಗೊತ್ತಿಲ್ಲ. ನಾನು ಈ ಪೇಟೆಗೆ ಬರುವ ಮೊದಲೇ ಹೋದವನು. ನಾನು ಬೀದಿಯ ನಡುವೆ ಹೋದೆ. ನನ್ನ ಬಾಯಿಗೆ ಕರೆದು ಅಭ್ಯಾಸ ಇತ್ತು, ಉತ್ತರ ಬಂದು ಅಭ್ಯಾಸ ಇರಲಿಲ್ಲ.

"ಪಿಳ್ಳಣ್ಣಾ... ಬಾರಪ್ಪಾ..."

ಏನೂ ಕೇಳಲಿಲ್ಲ. ಮತ್ತೊಮ್ಮೆ ಕರೆದೆ. ಮಗನಿದ್ದಿದ್ದರೆ ಹೇಗೆ ಕರೆಯುತ್ತಿದ್ದೆನೋ ಹಾಗೆ.

"ಬಂದೆ ಮಾವ," ಅಂದ.

ಮಾವ ಅಂದ. ನನ್ನನ್ನು. ಹಿಂದಿನವನ ಕೈ ಅವನ ಭುಜಕ್ಕೆ ಸಿಕ್ಕಿತು. ಸಾಲು ನಡೆಯಿತು. ನಾನು ಅಲ್ಲೇ ನಿಂತಿದ್ದೆ. ಯಾರೋ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು, ದಾರಿ ಬಿಡು ಅಂತ.

ಕೊನೆಗೆ ಒಬ್ಬನೇ ಉಳಿದ.

ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ತಲೆ ಎತ್ತಿದಳು. ಚೌಕಟ್ಟು ಬಿಟ್ಟಳು. ಬಾಯಿ ತೆರೆದಳು. ಗಾಳಿ ಬಂತು, ಧ್ವನಿ ಬರಲಿಲ್ಲ. ನೀರು ಕೊಟ್ಟರು. ಕುಡಿದಳು. ಮತ್ತೆ ಬಾಯಿ ತೆರೆದಳು. ಏನೂ ಇಲ್ಲ. ಊರ ಮಕ್ಕಳನ್ನೆಲ್ಲ ಕರೆದು ತನ್ನ ಮಗನಿಗೆ ಒಂದು ತುತ್ತು ಧ್ವನಿಯೂ ಉಳಿದಿರಲಿಲ್ಲ.

ಮೂವರೂ ಪಕ್ಕದಲ್ಲೇ ನಿಂತಿದ್ದರು. ಮೂವರ ನಾಲಗೆಯ ಮೇಲೂ ಆ ಹೆಸರಿತ್ತು. ಯಾರು ಕರೆದರೂ ಅವನು ಬರುತ್ತಿದ್ದ. ಸ್ವಾಮಿ ಅಂತ ಬರುತ್ತಿದ್ದ, ಸಾ ಅಂತ ಬರುತ್ತಿದ್ದ, ಅಣ್ಣ ಅಂತ ಬರುತ್ತಿದ್ದ. ಹೆಸರು ಉಳಿಯುತ್ತಿತ್ತು. ಪಾದ್ರಿಯವರು ತುಟಿ ಕಚ್ಚಿಕೊಂಡರು. ಹೆಡ್‌ಮೇಷ್ಟ್ರು ನೆಲ ನೋಡಿದರು. ಸೆಕ್ರೆಟ್ರಿ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಯಾರೂ ಕರೆಯಲಿಲ್ಲ. ಇಡೀ ಪೇಟೆ ಬಾಯಿ ಕಟ್ಟಿ ನಿಂತಿತು.

ಅವ್ವ ಹೊಸಲು ಇಳಿದಳು. ಬೀದಿಯ ನಡುವೆ ಬಂದಳು. ಕೈ ಎತ್ತಿ ಬಾಯಿಯ ಎರಡು ಕಡೆ ಇಟ್ಟುಕೊಂಡಳು. ಕತ್ತಿನ ನರ ಉಬ್ಬಿದವು. ತುಟಿ ಆಡಿದವು. ಅಷ್ಟು ಹತ್ತಿರ ಇದ್ದ ನನಗೂ ಒಂದು ಚೂರೂ ಕೇಳಿಸಲಿಲ್ಲ.

"ಬಂದೇ ಕಣವ್ವಾ," ಅಂದಿತು ಒಂದು ಧ್ವನಿ. ಮೂರು ದಾರಿಯಿಂದಲೂ ಅಂದಿತು. "ಯಾಕಂಗೆ ಕಿರುಚ್ತೀಯ? ಊರಿಗೆಲ್ಲ ಕೇಳ್ತದೆ."

ಆಮೇಲೆ ಯಾರೋ ಓಡಿಹೋಗಿ ಚರ್ಚಿನ ಗಂಟೆಯ ಹಗ್ಗಕ್ಕೆ ಜೋತುಬಿದ್ದರು. ಯಾರೋ ರೈಲು ಕಂಬಿಗೆ ಬಡಿದರು. ಸೆಕ್ರೆಟ್ರಿ ಜೇಬಿನಿಂದ ಆಟದ ಸೀಟಿ ತೆಗೆದು ಕೆನ್ನೆ ಹರಿಯುವ ಹಾಗೆ ಊದಿದ. ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಪಾದ್ರಿಯವರು ಸೆಕ್ರೆಟ್ರಿಯನ್ನು ಅಪ್ಪಿಕೊಂಡರು, ಯಾರು ಅಂತ ನೋಡಲೂ ಇಲ್ಲ. ಮನೆ ಮನೆಯಿಂದ ಪಾತ್ರೆಗಳು ಬೀದಿಗೆ ಬಂದವು.

ಆ ಸದ್ದನ್ನೆಲ್ಲ ಸೀಳಿಕೊಂಡು ಅವ್ವನ ಧ್ವನಿ ಎದ್ದಿತು. ಎಲ್ಲಿತ್ತೋ ಅದು. ಹರೆಯದ ಹೆಂಗಸಿನ ಧ್ವನಿ.

"ಕಾಲು ತೊಳ್ಕೊಂಡು ಒಳಗೆ ಬಾ. ನಿನ್ನ ಜೊತೆಯೋರನ್ನೂ ಕರ್ಕೊಂಡು ಬಾ."